ಲಂಡನ್‌ನಲ್ಲಿ ಬಾಂಬ್ ಬಿದ್ದ ಜಾಗಗಳನ್ನು ಈಗ ಮತ್ತೆ ಫೋಟೋ ತೆಗೆಯುವುದು ಹೇಗೆ?

ನಿಮ್ಮ ಪ್ರಶ್ನೆ ಓದಿ ತುಂಬಾ ಖುಷಿಯಾಯಿತು. ಮಗಳ ಮನೆಗೆ ಅಂತ ಎರಡು ವಾರ ಲಂಡನ್‌ಗೆ ಬರುತ್ತಿದ್ದೀರಿ, ಎರಡನೇ ಮಹಾಯುದ್ಧದಲ್ಲಿ ಬಾಂಬ್ ಬಿದ್ದ ಜಾಗಗಳ ಹಳೇ ಫೋಟೋ ಹಿಡಿದುಕೊಂಡು, ಅಲ್ಲೇ ನಿಂತು ಈಗಿನ ಫೋಟೋ ತೆಗೆಯಬೇಕು, ಫೋನ್ ಸಾಕಾ, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ನಾನು ಇಲ್ಲಿಗೆ ಕೆಲಸಕ್ಕೆ ಬಂದು ಹನ್ನೊಂದು ವರ್ಷವಾಯಿತು. ಆರು ವರ್ಷದಿಂದ ಭಾನುವಾರ ಬೆಳಿಗ್ಗೆ ಇದೇ ಕೆಲಸ ಮಾಡುತ್ತಿದ್ದೇನೆ. ಫೋನ್ ಧಾರಾಳವಾಗಿ ಸಾಕು. ಎಲ್ಲಿ ನಿಲ್ಲುತ್ತೀರಿ ಅನ್ನುವುದೇ ಇಲ್ಲಿ ಮುಖ್ಯ.

ಮೊದಲು ಫೋಟೋ ಆರಿಸುವ ವಿಷಯ. ಸುಮ್ನೆ ನೆಟ್‌ನಲ್ಲಿ ಹುಡುಕಿದರೆ ಪೇಪರ್‌ಗಳಲ್ಲಿ ಬಂದ ಪ್ರಸಿದ್ಧ ಚಿತ್ರಗಳೇ ಸಿಗುತ್ತವೆ. ಅವುಗಳಲ್ಲಿ ಒಂದು ಕಷ್ಟ ಇದೆ. ಆಗ ಸೆನ್ಸಾರ್ ಇತ್ತು, ಬಾಂಬ್ ಎಲ್ಲಿ ಬಿತ್ತು ಅಂತ ಶತ್ರುಗಳಿಗೆ ಗೊತ್ತಾಗಬಾರದು ಅಂತ ಎಷ್ಟೋ ಚಿತ್ರಗಳ ಕೆಳಗೆ 'ಲಂಡನ್‌ನ ಒಂದು ಬೀದಿ' ಅಂತ ಮಾತ್ರ ಹಾಕುತ್ತಿದ್ದರು. ಹಾಗಾಗಿ ಆರ್ಥರ್ ಕ್ರಾಸ್ ಮತ್ತು ಫ್ರೆಡ್ ಟಿಬ್ಸ್ ತೆಗೆದ ಚಿತ್ರಗಳಿಂದ ಶುರು ಮಾಡಿ. ಇವರಿಬ್ಬರೂ ಸಿಟಿ ಆಫ್ ಲಂಡನ್ ಪೊಲೀಸ್ ಕಾನ್‌ಸ್ಟೇಬಲ್‌ಗಳು. ಹಾನಿಯನ್ನು ದಾಖಲೆ ಮಾಡುವುದೇ ಅವರಿಗೆ ಕೊಟ್ಟ ಕೆಲಸ, ಆದ್ದರಿಂದ ಬೀದಿ, ಕಟ್ಟಡ ಎಲ್ಲ ಸ್ಪಷ್ಟವಾಗಿ ಇರುತ್ತದೆ. 1941ರ ಮೇ 11ರ ಬೆಳಿಗ್ಗೆ ಕ್ವೀನ್ ವಿಕ್ಟೋರಿಯಾ ಸ್ಟ್ರೀಟ್‌ನಲ್ಲಿ ಒಂದು ಕಟ್ಟಡದ ಇಡೀ ಮುಂಭಾಗ ರಸ್ತೆಗೆ ಕುಸಿಯುತ್ತಿರುವ ಕ್ಷಣ ಅವರ ಕ್ಯಾಮೆರಾಕ್ಕೆ ಸಿಕ್ಕಿದೆ. ಆ ಚಿತ್ರವನ್ನು ನಾನು ಎಷ್ಟು ಸಲ ನೋಡಿದರೂ, ಅದನ್ನು ತೆಗೆದವರು ಅಷ್ಟು ಹತ್ತಿರ ನಿಂತಿದ್ದರಲ್ಲ ಅಂತ ಎದೆ ಝಲ್ ಅನ್ನುತ್ತದೆ.

ಇನ್ನು ನಿಲ್ಲುವ ಜಾಗ ಹಿಡಿಯುವುದು. ಹಳೇ ಚಿತ್ರದಲ್ಲಿ ಇವತ್ತಿಗೂ ಉಳಿದಿರುವ ಎರಡು ವಸ್ತು ಹುಡುಕಿ. ಒಂದು ಹತ್ತಿರದ್ದು, ಒಂದು ದೂರದ್ದು. ಹತ್ತಿರದ್ದು ಒಂದು ಗೋಡೆಯ ಮೂಲೆ ಆಗಿರಬಹುದು, ದೂರದ್ದು ಸೇಂಟ್ ಪಾಲ್ಸ್ ಕೆಥೆಡ್ರಲ್‌ನ ಗುಮ್ಮಟ ಅಥವಾ ಚರ್ಚಿನ ಶಿಖರ. ಬಸ್ಸಿನಲ್ಲಿ ಹೋಗುವಾಗ ರಸ್ತೆ ಪಕ್ಕದ ಮರ ಓಡುತ್ತದೆ, ದೂರದ ಗುಡ್ಡ ನಿಂತೇ ಇರುತ್ತದೆ ಅಲ್ವಾ, ಅದೇ ಲೆಕ್ಕ ಇಲ್ಲೂ. ನೀವು ಎಡಕ್ಕೆ ಒಂದು ಹೆಜ್ಜೆ ಇಟ್ಟರೆ ಹತ್ತಿರದ ಮೂಲೆ ಗುಮ್ಮಟದ ಮುಂದೆ ಬಲಕ್ಕೆ ಸರಿಯುತ್ತದೆ. ಗುಮ್ಮಟದ ಅಂಚು ಮೂಲೆಯಿಂದ ಹಳೇ ಚಿತ್ರದಲ್ಲಿ ಎಷ್ಟು ದೂರ ಇದೆಯೋ ಅಷ್ಟೇ ಕಾಣುವವರೆಗೆ ಅತ್ತ ಇತ್ತ ಸರಿಯಿರಿ. ಆಮೇಲೆ ಹಿಂದೆ ಮುಂದೆ. ಇದಾದ ಮೇಲೆ ಝೂಮ್ ಮಾಡಿ ಅಂಚು ಸರಿ ಮಾಡಿಕೊಳ್ಳಬಹುದು. ಜಾಗ ತಪ್ಪಿದ್ದರೆ ಮಾತ್ರ ಯಾವ ಝೂಮೂ ಸರಿ ಮಾಡಲ್ಲ. ಫೋನನ್ನು ಮೇಲಕ್ಕೆ ವಾಲಿಸಬೇಡಿ, ಕಟ್ಟಡಗಳು ಹಿಂದಕ್ಕೆ ಬಾಗಿದ ಹಾಗೆ ಬರುತ್ತವೆ. ನೆಟ್ಟಗೆ ಹಿಡಿದು, ಸ್ವಲ್ಪ ಜಾಸ್ತಿ ಅಗಲವಾಗಿ ತೆಗೆದು, ಮನೆಗೆ ಬಂದು ಕ್ರಾಪ್ ಮಾಡಿ.

ಕಟ್ಟಡ ಹೊಂದಿಸುವಾಗ ನೆಲಮಹಡಿ ನೋಡಲೇಬೇಡಿ. ಅಂಗಡಿಗಳ ಬೋರ್ಡು, ಗಾಜು ಎಲ್ಲ ಎಷ್ಟೋ ಸಲ ಬದಲಾಗಿರುತ್ತದೆ. ತಲೆ ಎತ್ತಿ ಮೊದಲ ಮಹಡಿಯ ಕಿಟಕಿಗಳನ್ನು ನೋಡಿ. ಕಮಾನು, ಕಿಟಕಿ ಸಾಲಿನ ಲೆಕ್ಕ, ಹೊಗೆ ಗೂಡಿನ ಆಕಾರ, ಇವು ಅಷ್ಟು ಸುಲಭವಾಗಿ ಬದಲಾಗುವುದಿಲ್ಲ.

ನೆರಳನ್ನೂ ಹೊಂದಿಸಬೇಕು ಅಂತಿದ್ದರೆ ಒಂದು ಮಾತು. ಚಿತ್ರದ ಕೆಳಗೆ ಬರೆದ ಗಂಟೆಯನ್ನು ಹಾಗೇ ನಂಬಬೇಡಿ. 1940ರ ಚಳಿಗಾಲದಲ್ಲಿ ಬ್ರಿಟನ್ ತನ್ನ ಗಡಿಯಾರವನ್ನು ಹಿಂದಕ್ಕೆ ತಿರುಗಿಸಲೇ ಇಲ್ಲ, ಚಳಿಗಾಲ ಪೂರ್ತಿ ಒಂದು ಗಂಟೆ ಮುಂದೆ ಓಡುತ್ತಿತ್ತು. ಆಗಿನ ಡಿಸೆಂಬರ್ ಮಧ್ಯಾಹ್ನ ಒಂದು ಗಂಟೆ ಅಂದರೆ ಈಗಿನ ಹನ್ನೆರಡು. ನೆರಳು ಎಲ್ಲಿ ಬಿದ್ದಿದೆ ನೋಡಿ ಸಮಯ ಹಿಡಿಯಿರಿ.

ಎಲ್ಲಿಗೆ ಹೋಗಬೇಕು? ನಾನಾಗಿದ್ದರೆ ಮೊದಲು ನ್ಯೂಗೇಟ್ ಸ್ಟ್ರೀಟ್‌ನ ಕ್ರೈಸ್ಟ್ ಚರ್ಚ್ ಗ್ರೇಫ್ರಯರ್ಸ್‌ಗೆ ಕರೆದುಕೊಂಡು ಹೋಗುತ್ತಿದ್ದೆ. 1940ರ ಡಿಸೆಂಬರ್ 29ರ ರಾತ್ರಿ ಬೆಂಕಿ ಬಾಂಬುಗಳಿಂದ ಈ ಚರ್ಚು ಸುಟ್ಟುಹೋಯಿತು. ಹೊಗೆಯ ನಡುವೆ ಸೇಂಟ್ ಪಾಲ್ಸ್ ಗುಮ್ಮಟ ಎದ್ದು ನಿಂತಿರುವ ಹರ್ಬರ್ಟ್ ಮೇಸನ್ ಅವರ ಚಿತ್ರ ನೋಡಿರುತ್ತೀರಲ್ಲ, ಅದು ಅದೇ ರಾತ್ರಿಯದು. ಚರ್ಚಿನ ಗೋಪುರ ಉಳಿಯಿತು. ಜನ ಕೂತು ಪ್ರಾರ್ಥನೆ ಮಾಡುತ್ತಿದ್ದ ಜಾಗ ಈಗ ಗುಲಾಬಿ ತೋಟ. ಬೆಂಚುಗಳು ಇದ್ದ ಕಡೆಯೇ ಹೂವಿನ ಪಾತಿ ಮಾಡಿದ್ದಾರೆ, ಕಲ್ಲಿನ ಕಂಬ ಇದ್ದ ಕಡೆ ಮರದ ಚೌಕಟ್ಟು ನಿಲ್ಲಿಸಿ ಬಳ್ಳಿ ಹಬ್ಬಿಸಿದ್ದಾರೆ. ಹಾಗಾಗಿ ಒಳಗಿನ ಹಳೇ ಚಿತ್ರ ಸಿಕ್ಕರೆ ಗಿಡಗಳ ಸಾಲು ನೋಡಿಯೇ ನಿಲ್ಲುವ ಜಾಗ ಹಿಡಿಯಬಹುದು. ಆದರೆ ಪೂರ್ವದ ಗೋಡೆ ಹುಡುಕಬೇಡಿ. ಬಾಂಬಿನಿಂದ ಉಳಿದ ಆ ಗೋಡೆ ಆಮೇಲೆ ರಸ್ತೆ ಅಗಲೀಕರಣಕ್ಕೆ ಹೋಯಿತು. ನನಗೆ ಇದು ಗೊತ್ತಿಲ್ಲದೆ ಒಂದು ಇಡೀ ಬೆಳಿಗ್ಗೆ ಚಳಿಯಲ್ಲಿ ಇಲ್ಲದ ಗೋಡೆಗೆ ಅಳತೆ ಹಾಕುತ್ತಾ ನಿಂತಿದ್ದೆ. ಬಾಂಬು ಕೆಡವಿದ್ದು ಎಷ್ಟು, ಆಮೇಲೆ ಜನ ಕೆಡವಿದ್ದು ಎಷ್ಟು ಅಂತ ಪ್ರತಿ ಜಾಗದಲ್ಲೂ ಕೇಳಿಕೊಳ್ಳುವುದು ಅವತ್ತಿನಿಂದ ಅಭ್ಯಾಸವಾಯಿತು.

ಸೇಂಟ್ ಡನ್‌ಸ್ಟನ್ ಇನ್ ದಿ ಈಸ್ಟ್ ಕೂಡ ಹತ್ತಿರವೇ. 1941ರಲ್ಲಿ ಹಾಳಾದ ಚರ್ಚು, 1971ರಿಂದ ಉದ್ಯಾನ. ಗಾಜಿಲ್ಲದ ಕಿಟಕಿಯ ಕಲ್ಲಿನ ಚೌಕಟ್ಟಿನೊಳಗಿಂದ ಬಳ್ಳಿ ನುಗ್ಗಿ ಹೊರಗೆ ಬಂದಿರುತ್ತದೆ. ಬೇಸಿಗೆಯಲ್ಲಿ ಎಲೆ ಎಷ್ಟು ದಟ್ಟ ಅಂದರೆ ಗೋಡೆಯೇ ಕಾಣಲ್ಲ. ಹೊಂದಿಸಿ ತೆಗೆಯಬೇಕಾದರೆ ಎಲೆ ಉದುರಿದ ಮೇಲೆ ಬರುವುದೇ ಒಳ್ಳೆಯದು.

ದಕ್ಷಿಣ ಲಂಡನ್‌ನ ಬ್ಯಾಲಂಗೆ ಹೋಗುವುದಾದರೆ ಸ್ವಲ್ಪ ಸಿದ್ಧವಾಗಿ ಹೋಗಿ. 1940ರ ಅಕ್ಟೋಬರ್ 14ರ ರಾತ್ರಿ ಅಲ್ಲಿನ ರಸ್ತೆ ಮೇಲೆ ಬಿದ್ದ ಬಾಂಬ್ ಕೆಳಗಿದ್ದ ಟ್ಯೂಬ್, ಅಂದರೆ ನೆಲದಡಿಯ ರೈಲಿನ ಸುರಂಗವನ್ನೇ ಒಡೆಯಿತು. ನೀರಿನ ಪೈಪು, ಚರಂಡಿ ಎಲ್ಲ ಒಡೆದು ಮಣ್ಣು, ನೀರು ಪ್ಲಾಟ್‌ಫಾರ್ಮಿಗೆ ನುಗ್ಗಿತು. ಅಲ್ಲಿ ಆಶ್ರಯಕ್ಕೆ ಅಂತ ಮಲಗಿದ್ದವರಲ್ಲಿ 60ಕ್ಕೂ ಹೆಚ್ಚು ಜನ ಸತ್ತರು. ಮೇಲೆ, ದೀಪ ಆರಿಸಿದ್ದ ಕತ್ತಲಲ್ಲಿ ಬಂದ ಡಬಲ್ ಡೆಕ್ಕರ್ ಬಸ್ಸೊಂದು ಗುಂಡಿಗೆ ಮೂತಿ ಇಟ್ಟು ಬಿತ್ತು. ಆ ಬಸ್ಸಿನ ಚಿತ್ರ ಎಲ್ಲರಿಗೂ ಗೊತ್ತು. ನಾನು ಅದನ್ನು ಹೊಂದಿಸಲು ಹೋದ ದಿನ ಅದೇ ರಸ್ತೆಯಲ್ಲಿ ಕೆಂಪು ಬಸ್ಸುಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು, ಒಬ್ಬ ತಾಯಿ ಮಗುವಿನ ಕೈ ಹಿಡಿದು ಸಿಗ್ನಲ್‌ಗೆ ಕಾಯುತ್ತಿದ್ದಳು. ಬಸ್ಸು ಸರಿಯಾಗಿ ಬರಲಿ ಅಂತ ಕಾದು ಒಂದೇ ಒಂದು ಫೋಟೋ ತೆಗೆದೆ. ಆಮೇಲೆ ಸ್ಟೇಷನ್ ಒಳಗೆ ಹೋಗಿ ಸತ್ತವರ ನೆನಪಿನ ಫಲಕದ ಮುಂದೆ ಸ್ವಲ್ಪ ಹೊತ್ತು ನಿಂತೆ. ನೀವೂ ಅಲ್ಲಿಗೆ ಹೋಗಿ ಬನ್ನಿ.

ಅದಕ್ಕೇ ಹಳೇ ಚಿತ್ರವನ್ನೂ ಹೊಸದನ್ನೂ ಒಂದರೊಳಗೆ ಒಂದು ಕರಗಿಸಿ, ಅರ್ಧ ದೆವ್ವದ ಹಾಗೆ ಮಾಡುತ್ತಾರಲ್ಲ, ಅದು ನನಗೆ ಒಗ್ಗುವುದಿಲ್ಲ. ನೋಡಲು ಚೆಂದ, ನಿಜ. ಆದರೆ ಸತ್ತವರ ಜಾಗ ಅಲಂಕಾರ ಆಗಿಬಿಡುತ್ತದೆ. ಎರಡನ್ನೂ ಒಂದೇ ಅಳತೆಯಲ್ಲಿ ಪಕ್ಕಪಕ್ಕ ಇಡಿ, ನೋಡುವವರು ತಾವೇ ಹೋಲಿಸಲಿ.

ಲಂಡನ್‌ಗೆ ಬಂದ ನಮ್ಮವರು ಬಸವಣ್ಣನವರ ಪ್ರತಿಮೆ ನೋಡದೆ ಹೋಗುವುದಿಲ್ಲ. ಅಲ್ಲಿಂದ ನದಿ ಪಕ್ಕದಲ್ಲೇ ಉತ್ತರಕ್ಕೆ ನಡೆದು, ಲ್ಯಾಂಬೆತ್ ಅರಮನೆ ದಾಟಿದರೆ ಸೇಂಟ್ ಥಾಮಸ್ ಆಸ್ಪತ್ರೆ. 1940ರ ಸೆಪ್ಟೆಂಬರ್‌ನಲ್ಲಿ ಅದರ ಮೇಲೂ ಬಾಂಬ್ ಬಿತ್ತು. ದಕ್ಷಿಣದ ಕಡೆ ವಿಕ್ಟೋರಿಯಾ ಕಾಲದ ಬ್ಲಾಕ್‌ಗಳು ಇನ್ನೂ ಇವೆ, ಮುಂದೆ ಇದ್ದಕ್ಕಿದ್ದಂತೆ ದೊಡ್ಡ ಬಿಳಿ ಕಟ್ಟಡ ಶುರುವಾಗುತ್ತದೆ. ಎದುರು ದಡದಿಂದ ತೆಗೆದರೆ ಹಳತು ಹೊಸತು ಸೇರುವ ಆ ಹೊಲಿಗೆ ಒಂದೇ ಚಿತ್ರದಲ್ಲಿ ಬರುತ್ತದೆ. ಎಕ್ಸಿಬಿಷನ್ ರೋಡ್‌ನಲ್ಲಿ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಗೋಡೆ ಕೂಡ ನೋಡಿ. ಬಾಂಬಿನ ಚೂರು ಕಿತ್ತ ಗುಂಡಿಗಳನ್ನು ಬೇಕಂತಲೇ ಮುಚ್ಚದೆ ಬಿಟ್ಟಿದ್ದಾರೆ. ಕೆಲವದರೊಳಗೆ ನನ್ನ ಮುಷ್ಟಿ ಹಿಡಿಸಿತು. ಅಂಚುಗಳು ಮಳೆಗೆ ಸವೆದು ನುಣ್ಣಗಾಗಿವೆ.

ಕೊನೆಗೆ, ಹೊರಡುವ ಮುಂಚೆ ಒಂದು ಕೆಲಸ ಮಾಡಿ. ಯುದ್ಧದ ಕಾಲದಲ್ಲಿ ಲಂಡನ್ ಕೌಂಟಿ ಕೌನ್ಸಿಲ್ ಒಂದೊಂದು ಕಟ್ಟಡಕ್ಕೂ ಬಣ್ಣ ಹಚ್ಚಿ ಹಾನಿಯ ನಕ್ಷೆ ಮಾಡಿತ್ತು. ಪೂರ್ತಿ ನಾಶವಾದದ್ದಕ್ಕೆ ಕಪ್ಪು, ರಿಪೇರಿ ಮಾಡಲಾಗದಷ್ಟು ಕೆಟ್ಟದ್ದಕ್ಕೆ ನೇರಳೆ, ಹಾನಿ ಕಡಿಮೆಯಾದಂತೆ ಕೆಂಪು, ಕಿತ್ತಳೆ, ಹಳದಿ. ಮಗಳ ಮನೆ ಲಂಡನ್‌ನ ಒಳಭಾಗದಲ್ಲಿದ್ದರೆ ಅವಳ ಬೀದಿ ಅದರಲ್ಲಿ ಇರುತ್ತದೆ, ಹುಡುಕಿ. ಬಂದ ಮೇಲೆ ಬೀದಿಯಲ್ಲಿ ನಡೆದು ನೋಡಿ. ಒಂದೇ ಥರದ ಹಳೇ ಇಟ್ಟಿಗೆ ಮನೆಗಳ ಸಾಲಿನ ಮಧ್ಯೆ ಎರಡೋ ಮೂರೋ ಮನೆ ಮಾತ್ರ ಬೇರೆ ಇಟ್ಟಿಗೆ, ಬೇರೆ ಕಿಟಕಿ ಇದ್ದು, ನಕ್ಷೆಯಲ್ಲೂ ಅಲ್ಲಿ ಕಪ್ಪು ಬಣ್ಣ ಇದ್ದರೆ, ನಿಮ್ಮ ಮೊದಲ ಫೋಟೋ ಅಲ್ಲೇ ತೆಗೆಯಿರಿ.