ಉಬುಂಟು ಅಪ್‌ಡೇಟ್ ಆದಮೇಲೆ ವೈಫೈ ಇದ್ದರೂ ಒಂದು ಸೈಟೂ ತೆರೆಯುತ್ತಿಲ್ಲ, ಏನು ಮಾಡಲಿ?

ಫೋನಲ್ಲಿ ಎಲ್ಲ ಸರಿ, ಲ್ಯಾಪ್‌ಟಾಪಲ್ಲಿ ಮಾತ್ರ ಸರ್ವರ್ ಸಿಗುತ್ತಿಲ್ಲ ಅಂತ ಬರೆದಿದ್ದೀರಿ. ರಿಸಾಲ್ವ್ ಡಾಟ್ ಕಾನ್ಫ್ (ಹೆಸರು ಹುಡುಕಲು ಯಾವ ಸರ್ವರನ್ನು ಕೇಳಬೇಕು ಅಂತ ಬರೆದಿರುವ) ಫೈಲಿಗೆ ಗೂಗಲ್ ಸರ್ವರಿನ 8.8.8.8 ಹಾಕಿದರೆ ಸರಿಹೋಗುತ್ತೆ, ರೀಬೂಟ್ ಮಾಡಿದರೆ ಮತ್ತೆ ಅದೇ ಕಥೆ, ಅಲ್ವಾ? ಹಾಗಾದರೆ ನಿಮ್ಮ ನೆಟ್ ಕೆಟ್ಟಿಲ್ಲ. ಸೈಟಿನ ಹೆಸರಿಗೆ ಐಪಿ, ಅಂದರೆ ನಂಬರಿನ ವಿಳಾಸ, ಹುಡುಕಿಕೊಡುವ ಭಾಗ (ಡಿಎನ್ಎಸ್) ಮಾತ್ರ ಕೆಟ್ಟಿದೆ.

ಆ ಸಾಲು ಸುಮ್ನೆ ಮಾಯವಾಗುತ್ತಿಲ್ಲ. ಉಬುಂಟುವಿನಲ್ಲಿ ರಿಸಾಲ್ವ್ ಡಾಟ್ ಕಾನ್ಫ್ ನಿಜವಾದ ಫೈಲಲ್ಲ, ರನ್ ಫೋಲ್ಡರಿನಲ್ಲಿರುವ ಇನ್ನೊಂದು ಫೈಲಿಗೆ ಲಿಂಕ್. ರನ್ ಫೋಲ್ಡರ್ ಇರುವುದು ರ‍್ಯಾಮಿನಲ್ಲಿ, ಆಫ್ ಮಾಡಿದರೆ ಖಾಲಿ. ಬೂಟ್ ಆದಾಗ ಸಿಸ್ಟಮ್‌ಡಿ ರಿಸಾಲ್ವ್ಡ್ ಅನ್ನುವ ಸರ್ವೀಸ್ ಅದನ್ನು ಹೊಸದಾಗಿ ಬರೆದು 127.0.0.53, ಅಂದರೆ ಈ ಕಂಪ್ಯೂಟರಿನದೇ ವಿಳಾಸ, ಹಾಕುತ್ತದೆ. ಅಂದರೆ ‘ಹೆಸರು ಬೇಕಾದರೆ ನನ್ನನ್ನೇ ಕೇಳು’ ಅಂತ.

ಮೊದಲು ಆ ಸರ್ವೀಸ್ ಓಡುತ್ತಿದೆಯಾ ಅಂತ ಸಿಸ್ಟಮ್‌ಸಿಟಿಎಲ್‌ ಕಮಾಂಡಿನಲ್ಲಿ ನೋಡಿ. ಓಡುತ್ತಿದ್ದರೆ ರಿಸಾಲ್ವ್‌ಸಿಟಿಎಲ್ ಸ್ಟೇಟಸ್ ಅನ್ನುವ ಕಮಾಂಡ್ ಕೊಡಿ. ನಿಮ್ಮ ವೈಫೈ ಕಾರ್ಡಿನ ಕೆಳಗೆ ಡಿಎನ್ಎಸ್ ಸರ್ವರ್ ಸಾಲೇ ಇಲ್ಲದಿದ್ದರೆ ಆ ಸರ್ವೀಸಿಗೆ ಮುಂದೆ ಯಾರನ್ನು ಕೇಳಬೇಕು ಅಂತ ಗೊತ್ತಿಲ್ಲ. ಆಗ ಫೈಲ್ ಮುಟ್ಟಬೇಡಿ. ವೈಫೈ ಸೆಟ್ಟಿಂಗಿನ ಐಪಿವಿ4 ಟ್ಯಾಬಿನಲ್ಲಿ 8.8.8.8 ಹಾಕಿ, ವೈಫೈ ಆಫ್ ಮಾಡಿ ಆನ್ ಮಾಡಿ. ರೀಬೂಟ್ ಆದರೂ ಹೋಗಲ್ಲ.

ನಾನು ಮೈಸೂರಿನ ಸರಸ್ವತಿಪುರಂನವನು. ಉಬುಂಟು 22.04ರಿಂದ 24.04ಕ್ಕೆ ಹೋದಾಗ ನನಗೂ ಇದೇ ಗತಿ ಆಗಿತ್ತು, ಕಾರಣ ಮಾತ್ರ ಬೇರೆ. ಯಾವಾಗಲೋ ಆಟಕ್ಕೆ ಅಂತ ಡಿಎನ್ಎಸ್‌ಮಾಸ್ಕ್ (ಅದೇ ಹೆಸರು ಹುಡುಕುವ ಕೆಲಸದ ಇನ್ನೊಂದು ಪ್ರೋಗ್ರಾಮ್) ಹಾಕಿ, ರಿಸಾಲ್ವ್ಡ್ ನಿಲ್ಲಿಸಿ, ಮರೆತಿದ್ದೆ. ಅಪ್‌ಗ್ರೇಡ್ ಆದಮೇಲೆ ನೋಡಿದರೆ ರಿಸಾಲ್ವ್ಡ್ ಎದ್ದು ಕೂತಿತ್ತು. ಇಬ್ಬರಿಗೂ ಬೇಕಾದದ್ದು 53ನೇ ಪೋರ್ಟೇ, ಅಂದರೆ ಡಿಎನ್ಎಸ್ ಪ್ರಶ್ನೆಗಳು ಬರುವ ಬಾಗಿಲು. ಮಂಡ್ಯ ಬಸ್ಸಿನಲ್ಲಿ ಒಂದೇ ಸೀಟಿಗೆ ಇಬ್ಬರು ಟವೆಲ್ ಹಾಕಿದ ಹಾಗೆ! ಮೊದಲು ಬಂದ ರಿಸಾಲ್ವ್ಡ್ ಕೂತುಬಿಟ್ಟಿತು, ಡಿಎನ್ಎಸ್‌ಮಾಸ್ಕ್ ‘ಅಡ್ರೆಸ್ ಆಲ್ರೆಡಿ ಇನ್ ಯೂಸ್’ ಅಂತ ಹೇಳಿ ಸತ್ತಿತು. ಲಿಂಕ್ ತೆಗೆದು ನಾನೇ ಬರೆದಿಟ್ಟಿದ್ದ ರಿಸಾಲ್ವ್ ಡಾಟ್ ಕಾನ್ಫ್ ಮಾತ್ರ ಇನ್ನೂ ಡಿಎನ್ಎಸ್‌ಮಾಸ್ಕಿನ 127.0.0.1 ಅಂತಲೇ ಹೇಳುತ್ತಿತ್ತು. ಅಲ್ಲಿ ಉತ್ತರ ಕೊಡುವವರೇ ಇಲ್ಲ. ರೂಟರ್ ಬೈದುಕೊಂಡು ಅರ್ಧ ದಿನ ಹಾಳು ಮಾಡಿದೆ. ಕೊನೆಗೆ ಡಿಎನ್ಎಸ್‌ಮಾಸ್ಕ್ ತೆಗೆದು ಹಳೇ ಲಿಂಕ್ ವಾಪಸ್ ಹಾಕಿದೆ, ಐದು ನಿಮಿಷದ ಕೆಲಸ. ನೀವೂ ಅಂಥದ್ದೇನಾದರೂ ಹಾಕಿದ್ದೀರಾ ನೆನಪು ಮಾಡಿಕೊಳ್ಳಿ. 53ರಲ್ಲಿ ಯಾರು ಕೂತಿದ್ದಾರೆ ಅಂತ ಎಸ್ಎಸ್ ಕಮಾಂಡ್ ತೋರಿಸುತ್ತದೆ.

8.8.8.8 ಬರೆದು ಫೈಲಿಗೆ ಚ್ಯಾಟರ್‌ ಕಮಾಂಡಿನಿಂದ ಯಾರೂ ಬದಲಿಸದಂತೆ ಬೀಗ ಹಾಕಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಬೇಡ. ಆಮೇಲೆ ಯಾವುದೋ ಲಾಡ್ಜಿನ ವೈಫೈಗೆ ಸೇರಿದಾಗ ಲಾಗಿನ್ ಪೇಜೇ ಬರದೆ, ಬೀಗ ಹಾಕಿದ್ದು ನೆನಪಿಲ್ಲದೆ, ಮತ್ತೆ ಇದೇ ಪ್ರಶ್ನೆ ಕೇಳುತ್ತೀರಿ.