ಆಸ್ಪತ್ರೆ ಉಳಿದಿದ್ದರೂ ಯುದ್ಧಕಾಲದಲ್ಲಿ ಮಕ್ಕಳಿಗೆ ಲಸಿಕೆ ತಪ್ಪುವುದೇಕೆ?

"ಆಸ್ಪತ್ರೆಗೆ ಬಾಂಬ್ ಬೀಳದಿದ್ದರೆ ಲಸಿಕೆ ಹಾಕುವುದಕ್ಕೆ ಏನು ಅಡ್ಡಿ? ನಾಲ್ಕಾರು ತಿಂಗಳು ತಡವಾದರೆ ಅಷ್ಟೊಂದು ನಷ್ಟವೇ?" ಎಂದು ಕೇಳಿದ್ದೀರಿ. ನಾನು ಯುದ್ಧಭೂಮಿ ಕಂಡವನಲ್ಲ, ಲಸಿಕೆ ದಾಸ್ತಾನಿನ ಉಸ್ತುವಾರಿ ನೋಡಿಕೊಂಡವನು. ಒಂದು ರಾತ್ರಿ ವಿದ್ಯುತ್ ಕೈಕೊಟ್ಟರೆ ನಮಗೆ ನಿದ್ದೆ ಇರುತ್ತಿರಲಿಲ್ಲ.

ಮಕ್ಕಳ ಲಸಿಕೆಗಳಲ್ಲಿ ಹೆಚ್ಚಿನವನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೆ ಇಡಬೇಕು. ಪೋಲಿಯೊ ಹನಿಗೆ ಸೆಕೆ ಆಗದು. ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯುವಿನ ಚುಚ್ಚುಮದ್ದು ಹೆಪ್ಪುಗಟ್ಟಿದರೆ ಕೆಟ್ಟಂತೆ. ಪೋಲಿಯೊ ಸೀಸೆಯ ಮೇಲೆ ವೃತ್ತದೊಳಗೆ ಒಂದು ತಿಳಿ ಬಣ್ಣದ ಚೌಕವಿರುತ್ತದೆ. ಶಾಖ ತಗಲುತ್ತ ಹೋದಂತೆ ಅದು ಕಪ್ಪಾಗುತ್ತದೆ, ವೃತ್ತದ ಬಣ್ಣಕ್ಕೆ ಬಂದರೆ ಸೀಸೆಯನ್ನು ಎಸೆಯಲೇಬೇಕು. ಆದರೆ ಫ್ರಿಜ್ಜು ಈ ಕಥೆಯ ಸುಲಭದ ಭಾಗ. ಸೌರಶಕ್ತಿಯ ಫ್ರಿಜ್ಜುಗಳಿವೆ, ಐಸ್ ಪೆಟ್ಟಿಗೆಗಳಿವೆ.

ಮೊದಲು ಕೈತಪ್ಪುವುದು ಪಟ್ಟಿ. ಯಾವ ಮನೆಯಲ್ಲಿ ಯಾವ ಮಗು, ಯಾವ ಡೋಸ್ ಬಾಕಿ ಎಂಬ ದಾಖಲೆ. ಜನ ಊರು ಬಿಟ್ಟು ಹೊರಟಾಗ ಮಗುವಿನ ಕಾರ್ಡು ಹಳೆಯ ಮನೆಯಲ್ಲೇ ಉಳಿಯುತ್ತದೆ, ಹೊಸ ಶಿಬಿರದ ಲೆಕ್ಕದಲ್ಲಿ ಆ ಮಗು ಇರುವುದೇ ಇಲ್ಲ. ಅಂಥ ಇಕ್ಕಟ್ಟಿನ ಶಿಬಿರಕ್ಕೆ ದಡಾರ ಹೊಕ್ಕರೆ ಮುಗಿಯಿತು. ಯಾರಿಗೂ ರೋಗನಿರೋಧಕ ಶಕ್ತಿ ಇಲ್ಲದ ಕಡೆ ಒಬ್ಬರಿಂದ 12ರಿಂದ 18 ಮಂದಿಗೆ ಹರಡಬಲ್ಲ ರೋಗವದು. ಅದನ್ನು ತಡೆದು ನಿಲ್ಲಿಸಲು ನೂರರಲ್ಲಿ 95 ಮಕ್ಕಳಿಗೆ ಲಸಿಕೆ ತಲುಪಿರಬೇಕು.

ಇನ್ನು ನಿಮ್ಮ "ನಾಲ್ಕಾರು ತಿಂಗಳು". ಸಿರಿಯಾದಲ್ಲಿ 1999ರಿಂದ ಪೋಲಿಯೊ ಇರಲಿಲ್ಲ. 2010ರಲ್ಲಿ ಶೇ 91ರಷ್ಟಿದ್ದ ಲಸಿಕೆಯ ವ್ಯಾಪ್ತಿ 2012ರ ಹೊತ್ತಿಗೆ ಶೇ 68ಕ್ಕೆ ಕುಸಿಯಿತು. ಮರುವರ್ಷವೇ ದೇರ್ ಅಲ್-ಜೋರ್ ಪ್ರಾಂತ್ಯದಲ್ಲಿ ಮಕ್ಕಳ ಕಾಲುಗಳು ಸ್ವಾಧೀನ ಕಳೆದುಕೊಂಡವು. ಆ ವೈರಾಣುವಿನ ಮೂಲ ಪಾಕಿಸ್ತಾನ! ಪೋಲಿಯೊ ತಗಲಿದ ಸುಮಾರು 200 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಪಾರ್ಶ್ವವಾಯು ಆಗುವುದು. ಮೊದಲ ಮಗು ಕುಂಟುವಾಗ ರೋಗ ಆಗಲೇ ನೂರಾರು ಮನೆ ಸುತ್ತಿ ಬಂದಿರುತ್ತದೆ.

ಗಾಜಾದಲ್ಲೂ ಯುದ್ಧಕ್ಕೆ ಮುಂಚೆ ಲಸಿಕೆಯ ವ್ಯಾಪ್ತಿ ಚೆನ್ನಾಗಿಯೇ ಇತ್ತು. 2024ರ ಜುಲೈನಲ್ಲಿ ಚರಂಡಿ ನೀರಿನಲ್ಲಿ ಪೋಲಿಯೊ ವೈರಾಣು ಸಿಕ್ಕಿತು. ಆಗಸ್ಟ್‌ನಲ್ಲಿ ಹತ್ತು ತಿಂಗಳ ಕೂಸಿಗೆ ಪಾರ್ಶ್ವವಾಯು ಆದದ್ದು ದೃಢಪಟ್ಟಿತು. 25 ವರ್ಷಗಳಲ್ಲಿ ಅಲ್ಲಿನ ಮೊದಲ ಪ್ರಕರಣ ಅದು. ಇದು ಬಾಯಿಗೆ ಹಾಕುವ ಹನಿಯಲ್ಲಿರುವ ದುರ್ಬಲಗೊಳಿಸಿದ ವೈರಾಣುವಿನಿಂದಲೇ ಹುಟ್ಟಿದ ತಳಿ. ಹಾಗೆಂದರೆ ಹನಿಯನ್ನೇ ದೂರುವವರಿದ್ದಾರೆ. ಲಸಿಕೆ ಸಿಗದ ಮಕ್ಕಳ ನಡುವೆ ಬಹುಕಾಲ ಸುತ್ತಲು ಬಿಟ್ಟರಷ್ಟೇ ಆ ವೈರಾಣು ಮತ್ತೆ ಬಲಿಯುವುದು. ಎಲ್ಲರಿಗೂ ಲಸಿಕೆ ಆಗಿದ್ದರೆ ಅದಕ್ಕೆ ಹೋಗಲು ದಾರಿಯೇ ಇರುವುದಿಲ್ಲ.

ಎಲ್ಲಕ್ಕಿಂತ ದುಬಾರಿಯಾದದ್ದು ನಂಬಿಕೆ. ಅದಕ್ಕೆ ಕೊಡಲಿಪೆಟ್ಟು ಕೊಟ್ಟವರ ಮೇಲೆ ನನಗೆ ಈಗಲೂ ಸಿಟ್ಟಿದೆ. ಒಸಾಮಾ ಬಿನ್ ಲಾಡೆನ್‌ನ ಸುಳಿವಿಗಾಗಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಪಾಕಿಸ್ತಾನದ ಅಬೊಟಾಬಾದಿನಲ್ಲಿ ಹೆಪಟೈಟಿಸ್ ಬಿ ಲಸಿಕೆಯ ನೆಪ ಹೂಡಿದ್ದು 2011ರಲ್ಲಿ ಬಯಲಾಯಿತು. ಲಸಿಕೆಯ ಬಗ್ಗೆ ಅಪನಂಬಿಕೆ ಅಲ್ಲಿ ಮೊದಲೂ ಇತ್ತು, ನಿಜ. ಆದರೆ ಲಸಿಕೆಯ ನೆಪದಲ್ಲಿ ಬೇಹುಗಾರಿಕೆ ನಡೆಯುತ್ತದೆ ಎಂಬ, ಅಲ್ಲಿಯವರೆಗೆ ಗಾಳಿಸುದ್ದಿಯಾಗಿದ್ದ ಮಾತಿಗೆ ಈಗ ಸಾಕ್ಷಿ ಸಿಕ್ಕಿಬಿಟ್ಟಿತು. 2012ರಲ್ಲಿ ಪಾಕಿಸ್ತಾನದ ಗಡಿಪ್ರದೇಶ ವಜೀರಿಸ್ತಾನದ ಉಗ್ರ ನಾಯಕರು ಪೋಲಿಯೊ ಹನಿಯನ್ನೇ ನಿಷೇಧಿಸಿದರು. ಅದೇ ಡಿಸೆಂಬರ್‌ನಲ್ಲಿ ಮನೆಮನೆಗೆ ಹನಿ ಹಾಕಲು ಹೊರಟ ಕಾರ್ಯಕರ್ತೆಯರನ್ನು ಗುಂಡಿಟ್ಟು ಕೊಲ್ಲಲಾಯಿತು. ಲಸಿಕೆಯನ್ನು ಇನ್ನು ಬೇಹುಗಾರಿಕೆಗೆ ಬಳಸುವುದಿಲ್ಲ ಎಂದು ಶ್ವೇತಭವನ ಹೇಳಿದ್ದು 2014ರಲ್ಲಿ. ಪಾಕಿಸ್ತಾನ ಮತ್ತು ಅಫ್ಘಾನಿಸ್ತಾನಗಳಲ್ಲಿ ಮಾತ್ರ ಮೂಲ ಪೋಲಿಯೊ (ಲಸಿಕೆಯಿಂದ ಹುಟ್ಟದ ತಳಿ) ಇನ್ನೂ ಬೇರುಬಿಟ್ಟು ಕುಳಿತಿರುವುದಕ್ಕೆ ಕಾರಣ ಇದೊಂದೇ ಅಲ್ಲ. ಆದರೆ ಇದನ್ನು ಬಿಟ್ಟು ಆ ಕಥೆ ಹೇಳಲಾಗದು.

ಹಾಗಾದರೆ ಕೈಚೆಲ್ಲಿ ಕೂರಬೇಕೆ? ಬೇಕಿಲ್ಲ. 1985ರಲ್ಲಿ ಎಲ್ ಸಾಲ್ವಡೋರ್‌ನ ಅಂತರ್ಯುದ್ಧದ ನಡುವೆ ಯುನಿಸೆಫ್‌ನ ಮುಖ್ಯಸ್ಥ ಜೇಮ್ಸ್ ಗ್ರಾಂಟ್ ಎರಡೂ ಕಡೆಯವರ ಮುಂದೆ ಮಕ್ಕಳಿಗಾಗಿ ಕದನ ವಿರಾಮದ ಪ್ರಸ್ತಾಪ ಇಟ್ಟರು. ಕ್ಯಾಥೊಲಿಕ್ ಚರ್ಚು ಮಧ್ಯಸ್ಥಿಕೆಗೆ ನಿಂತಿತು. ಸರ್ಕಾರವೂ ಗೆರಿಲ್ಲಾಗಳೂ ಒಪ್ಪಿದರು. ಯುದ್ಧ ಮುಗಿಯುವವರೆಗೂ ವರ್ಷವರ್ಷ ಇದು ನಡೆಯಿತು. ಅವರು ಕೇಳಿದ್ದು ಒಂದು ದಿನವನ್ನಲ್ಲ, ವಾರಗಳ ಅಂತರದಲ್ಲಿ ಮೂರು ದಿನಗಳನ್ನು. ದಾಸ್ತಾನು ನೋಡಿಕೊಂಡವನಿಗೆ ಅದರ ಗುಟ್ಟು ತಕ್ಷಣ ಹೊಳೆಯುತ್ತದೆ: ಪೋಲಿಯೊ ಹನಿಯಾಗಲಿ ಗಂಟಲುಮಾರಿಯ ಚುಚ್ಚುಮದ್ದಾಗಲಿ ಒಂದೇ ಡೋಸಿಗೆ ಕೆಲಸ ಮಾಡುವುದಿಲ್ಲ. ಅದೇ ಮಗು ಅದೇ ದಾರಿಯಲ್ಲಿ ಮತ್ತೆ ಎರಡು ಸಲ ಬರುವಂತಿರಬೇಕು.