ಉ: ನನ್ನ ಲೆಫ್ಟ್ ಫೋರ್ ಡೆಡ್ 2 ವಿಡಿಯೋ ಗೇಮ್‌ನಲ್ಲಿ ರಕ್ತವೇ ಇಲ್ಲ, ಯಾಕೆ?

ಸಿಡ್ನಿಯಲ್ಲಿ ಸೆಕೆಂಡ್ ಹ್ಯಾಂಡ್ ಡಿಸ್ಕ್ ಕೊಂಡೆ, ಹೊಡೆದ ಜಾಂಬಿಗಳು ತಕ್ಷಣ ಮಾಯವಾಗುತ್ತವೆ ಅಂತ ಕೇಳಿದ್ದೀರಿ. ಡಿಸ್ಕ್ ಕೆಟ್ಟಿಲ್ಲ. ಕವರ್ ಮೇಲೆ ಎಂಎ15+ (ಹದಿನೈದು ದಾಟಿದವರಿಗೆ ಅನ್ನುವ ರೇಟಿಂಗ್) ಅಂತ ಇದ್ದರೆ ಅದು ಕತ್ತರಿ ಬಿದ್ದ ಆವೃತ್ತಿ.

2009ರಲ್ಲಿ ಆಸ್ಟ್ರೇಲಿಯಾದ ಕ್ಲಾಸಿಫಿಕೇಶನ್ ಬೋರ್ಡ್ ಈ ಗೇಮ್‌ಗೆ ರೇಟಿಂಗ್ ಕೊಡಲೇ ಇಲ್ಲ. ರೇಟಿಂಗ್ ಇಲ್ಲದಿದ್ದರೆ ಅಂಗಡಿಯಲ್ಲಿ ಮಾರುವಂತಿಲ್ಲ. ಗೇಮ್ ತಯಾರಿಸಿದ ವಾಲ್ವ್ ಕಂಪನಿ ಮೇಲ್ಮನವಿ ಹಾಕಿ ಸೋತಿತು. ಕೊನೆಗೆ ಕೈಕಾಲು, ತಲೆ ಕತ್ತರಿಸಿ ಬೀಳುವುದನ್ನೆಲ್ಲ ತೆಗೆದು ನವೆಂಬರ್‌ನಲ್ಲಿ ಬಿಡುಗಡೆ ಮಾಡಿತು.

ನನಗೆ ಇಂದಿಗೂ ಸಿಟ್ಟು ಬರಿಸುವುದು ಇದರ ಹಿಂದಿನ ಕಾರಣ. ಆಗ ಅಲ್ಲಿ ಸಿನಿಮಾಗೆ ಆರ್18+ (ದೊಡ್ಡವರಿಗೆ ಮಾತ್ರ ಅನ್ನುವ ರೇಟಿಂಗ್) ಇತ್ತು, ಗೇಮ್‌ಗೆ ಇರಲಿಲ್ಲ! ಎಂಎ15+ಗೆ ಹೊಂದದ ಗೇಮ್ ದೊಡ್ಡವರಿಗೂ ಸಿಗುತ್ತಿರಲಿಲ್ಲ. ಗೇಮ್ ಅಂದರೆ ಮಕ್ಕಳಾಟ ಅಂತ ಸುಮ್ನೆ ಅಂದುಕೊಂಡಂತೆ, ಅಲ್ವಾ? ನಿಯಮ ಬದಲಿಸಲು ಎಲ್ಲ ರಾಜ್ಯಗಳ ಮಂತ್ರಿಗಳೂ ಒಪ್ಪಬೇಕಿತ್ತು. ಸೌತ್ ಆಸ್ಟ್ರೇಲಿಯಾದ ಅಟಾರ್ನಿ ಜನರಲ್ (ಅಲ್ಲಿ ಕಾನೂನು ಮಂತ್ರಿ) ಮೈಕಲ್ ಅಟ್ಕಿನ್ಸನ್ ವರ್ಷಗಟ್ಟಲೆ ಒಪ್ಪಲಿಲ್ಲ. ಮಕ್ಕಳ ಬಗ್ಗೆ ಅವರಿಗಿದ್ದ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ದೊಡ್ಡವರಿಗೇ ಬೇರೆ ರೇಟಿಂಗ್ ಇದ್ದಿದ್ದರೆ ಮಕ್ಕಳನ್ನು ದೂರ ಇಡುವುದು ಇನ್ನೂ ಸುಲಭವಾಗುತ್ತಿತ್ತು.

2013ರ ಜನವರಿ 1ರಿಂದ ಗೇಮ್‌ಗಳಿಗೂ ಆರ್18+ ಬಂತು. 2014ರಲ್ಲಿ ಇದರ ಮೂಲ ಆವೃತ್ತಿಗೂ ಅದೇ ರೇಟಿಂಗ್ ಸಿಕ್ಕಿತು. ಹಾಗಾಗಿ ಇನ್ನೊಮ್ಮೆ ಕೊಳ್ಳುವಾಗ ಆರ್18+ ಗುರುತು ನೋಡಿಯೇ ಕೊಳ್ಳಿ.